ಚಿತ್ರ, ದನಿ ಮತ್ತು ಮಕ್ಕಳ ಸಾಲು: ಕಲಾ ವಸ್ತುಸಂಗ್ರಹಾಲಯಕ್ಕೆ ಪ್ರಾಥಮಿಕ ಶಾಲೆಯ ಭೇಟಿ

ನವೆಂಬರ್‌ನಿಂದ ಜನವರಿಯವರೆಗೆ ಮೈಸೂರಿನ ಬೀದಿಗಳಲ್ಲಿ ಸಮವಸ್ತ್ರ ತೊಟ್ಟ ಮಕ್ಕಳ ಸಾಲುಗಳು ಕಾಣಸಿಗುತ್ತವೆ. ಬೆಳಗಿನ ಜಾವ ಊರು ಬಿಟ್ಟು ಬಂದ ಬಸ್ಸು, ಒಂದೇ ದಿನದಲ್ಲಿ ಚಾಮುಂಡಿ ಬೆಟ್ಟ, ಮೃಗಾಲಯ, ಅರಮನೆ, ಸಂಜೆಗೆ ಕನ್ನಂಬಾಡಿ ಎಂಬ ಕ್ರಮ, ನಡುವೆ ಸಮಯ ಉಳಿದರೆ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಗೆ ಅರ್ಧ ಗಂಟೆ. ಶೈಕ್ಷಣಿಕ ಪ್ರವಾಸವೆಂದು ಶಾಲೆಯ ದಾಖಲೆಗಳಲ್ಲಿ ನಮೂದಾಗುವ ಈ ಕ್ರಮವನ್ನು ಶಿಕ್ಷಣಶಾಸ್ತ್ರಜ್ಞರು ಕಲಿಕೆಯ ದೃಷ್ಟಿಯಿಂದಲೂ ವಸ್ತುಸಂಗ್ರಹಾಲಯದವರು ವೀಕ್ಷಕರ ಸಂಖ್ಯೆಯ ದೃಷ್ಟಿಯಿಂದಲೂ ಪರಿಶೀಲಿಸಿರುವುದುಂಟು. ಜಾನಪದ ಅಧ್ಯಯನದ ದೃಷ್ಟಿಯಿಂದ ಇದನ್ನು ನೋಡುವ ಪ್ರಯತ್ನ ಮಾತ್ರ ವಿರಳ. ಆ ಅರ್ಧ ಗಂಟೆಯಲ್ಲಿ ನಡೆಯುವುದೇನು, ಅದಕ್ಕೆ ಯಾವ ಚಾರಿತ್ರಿಕ ಹಿನ್ನೆಲೆಯಿದೆ, ಅದರಲ್ಲಿ ನಾವು ಕಳೆದುಕೊಳ್ಳುತ್ತಿರುವುದೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹಳ್ಳಿಯ ಮಕ್ಕಳಿಗೆ ಚಿತ್ರ ನೋಡುವ ಅಭ್ಯಾಸವಿಲ್ಲ, ವಸ್ತುಸಂಗ್ರಹಾಲಯವು ಅವರಿಗೆ ಅದನ್ನು ಕಲಿಸಬೇಕು ಎಂಬ ಗ್ರಹಿಕೆ ನಮ್ಮಲ್ಲಿ ಬಲವಾಗಿದೆ. ಈ ಗ್ರಹಿಕೆ ಸರಿಯಲ್ಲ. ಮಕ್ಕಳು ಬರಿಗಣ್ಣಿನಲ್ಲಿ ಬರುವುದಿಲ್ಲ. ನೋಡುವ ಒಂದು ಪರಂಪರೆಯೊಡನೆ ಬರುತ್ತಾರೆ. ಆ ಪರಂಪರೆಯಲ್ಲಿ ಚಿತ್ರಕ್ಕೆ ದನಿಯಿದೆ. ವಸ್ತುಸಂಗ್ರಹಾಲಯದಲ್ಲಿ ಚಿತ್ರವಿದೆ, ದನಿಯಿಲ್ಲ. ಈ ಅಂತರವೇ ಇಲ್ಲಿನ ಚರ್ಚೆಯ ಮುಖ್ಯ ವಿಷಯ.

ವಸ್ತುಸಂಗ್ರಹಾಲಯವೂ ಶಾಲೆಯೂ

ಭಾರತದಲ್ಲಿ ವಸ್ತುಸಂಗ್ರಹಾಲಯವೆಂಬ ಸಂಸ್ಥೆ ವಸಾಹತು ಆಡಳಿತದ ಕೊಡುಗೆ. ಕಲ್ಕತ್ತೆಯಲ್ಲಿ 1814ರಲ್ಲಿ, ಮದರಾಸಿನಲ್ಲಿ 1851ರಲ್ಲಿ, ಬೆಂಗಳೂರಿನಲ್ಲಿ 1865ರಲ್ಲಿ ಇವು ಆರಂಭವಾದವು. ಮದರಾಸಿನ ಸಂಗ್ರಹಾಲಯವನ್ನು ಕಟ್ಟಿದ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯಾಧಿಕಾರಿಯೇ ಬೆಂಗಳೂರಿನ ಸಂಗ್ರಹಾಲಯದ ಸ್ಥಾಪನೆಗೂ ಪ್ರೇರಕನಾದನು. ಆರಂಭದ ಸಂಗ್ರಹಗಳಲ್ಲಿ ಖನಿಜ, ಸಸ್ಯ, ಪ್ರಾಣಿಗಳ ಮಾದರಿಗಳಿಗೆ ದೊಡ್ಡ ಸ್ಥಾನವಿತ್ತು. ನಾಡಿನ ಸಂಪತ್ತನ್ನು ಪಟ್ಟಿ ಮಾಡುವುದು ಆಡಳಿತದ ಅಗತ್ಯವಾಗಿದ್ದುದರಿಂದ ಇದು ಸಹಜವೇ ಆಗಿತ್ತು. ಕಲೆ ಆ ಪಟ್ಟಿಯೊಳಗೆ ಸೇರಿದ್ದು ಅನಂತರ.

ಈ ಸಂಸ್ಥೆಯನ್ನು ಜನರು ತಮ್ಮದೇ ರೀತಿಯಲ್ಲಿ ಗ್ರಹಿಸಿದರು ಎಂಬುದಕ್ಕೆ ಅವರು ಇಟ್ಟ ಹೆಸರುಗಳೇ ಸಾಕ್ಷಿ. ಉತ್ತರ ಭಾರತದಲ್ಲಿ ಅದು ‘ಅಜಾಯಬ್ ಘರ್’ ಎಂದರೆ ಅಚ್ಚರಿಗಳ ಮನೆ. ಕಲ್ಕತ್ತೆಯಲ್ಲಿ ‘ಜಾದೂಘರ್’, ಮಾಯಾಮಂದಿರ. ಮದರಾಸಿನ ಜನ ಮೃಗಾಲಯವನ್ನು ‘ಉಯಿರ್ ಕಾಲೇಜ್’ ಎಂದೂ ವಸ್ತುಸಂಗ್ರಹಾಲಯವನ್ನು ‘ಸೆತ್ತ ಕಾಲೇಜ್’ ಎಂದೂ ಕರೆದರು. ಜೀವವಿರುವ ಕಾಲೇಜು ಒಂದು, ಸತ್ತ ಕಾಲೇಜು ಇನ್ನೊಂದು. ಇದನ್ನು ಅನಕ್ಷರಸ್ಥರ ವಿನೋದವೆಂದು ತಳ್ಳಿಹಾಕುವಂತಿಲ್ಲ. ಉಸಿರಾಡುವ ಪ್ರಾಣಿಯನ್ನೂ ಹೊಟ್ಟೆಗೆ ಹುಲ್ಲು ತುಂಬಿಸಿ ನಿಲ್ಲಿಸಿದ ಪ್ರಾಣಿಯನ್ನೂ ಒಂದೇ ಪೇಟೆಯಲ್ಲಿ ಕಂಡ ಜನರ ಖಚಿತ ವಿಮರ್ಶೆ ಇದು. ಇಂದಿಗೂ ಶಾಲಾ ಪ್ರವಾಸದ ಮಕ್ಕಳು ಮೃಗಾಲಯದಲ್ಲಿ ತೋರುವ ಉತ್ಸಾಹವನ್ನು ಗ್ಯಾಲರಿಯಲ್ಲಿ ತೋರುವುದಿಲ್ಲ ಎಂದು ಶಿಕ್ಷಕರು ಬೇಸರಪಡುವಾಗ ಈ ಎರಡು ಹೆಸರುಗಳನ್ನು ನೆನೆಯುವುದು ಒಳಿತು.

ಶಾಲೆಯ ಮಕ್ಕಳನ್ನು ಕಲಾ ಸಂಗ್ರಹಕ್ಕೆ ಕರೆದೊಯ್ಯುವುದು ಪಾಠದ ಭಾಗವಾಗಬೇಕು ಎಂಬ ವಿಚಾರಕ್ಕೆ ಸ್ಪಷ್ಟ ರೂಪ ಬಂದದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಮ್ಯಾಂಚೆಸ್ಟರ್ ನಗರದ ಟಿ.ಸಿ. ಹಾರ್ಸ್‌ಫಾಲ್, ಗಿರಣಿ ಕಾರ್ಮಿಕರು ವಾಸಿಸುತ್ತಿದ್ದ ಆಂಕೋಟ್ಸ್ ಬಡಾವಣೆಯಲ್ಲಿ 1886ರಲ್ಲಿ ಒಂದು ಕಲಾ ಸಂಗ್ರಹಾಲಯವನ್ನು ತೆರೆದನು. ಹೊಗೆಯಲ್ಲಿ ಬೆಳೆಯುವ ಮಕ್ಕಳ ಕಣ್ಣಿಗೆ ಚೆಲುವು ಬೀಳಬೇಕು ಎಂಬುದು ಅವನ ಹಂಬಲ. ಅವನಂಥವರ ಒತ್ತಾಯದ ಫಲವಾಗಿ 1895ರ ಶಾಲಾ ಸಂಹಿತೆಯಲ್ಲಿ, ಶಾಲೆಯ ಅವಧಿಯಲ್ಲಿ ಶಿಕ್ಷಕರೊಡನೆ ವಸ್ತುಸಂಗ್ರಹಾಲಯಕ್ಕೆ ನೀಡುವ ಭೇಟಿಯನ್ನು ಹಾಜರಾತಿಯೆಂದು ಪರಿಗಣಿಸಲು ಅವಕಾಶ ಕಲ್ಪಿಸಲಾಯಿತು. ಸಣ್ಣದೆಂದು ಕಾಣುವ ಈ ತಿದ್ದುಪಡಿಯ ಪರಿಣಾಮ ದೊಡ್ಡದು. ಅಂದಿನಿಂದ ಚಿತ್ರ ನೋಡುವುದು ಆಟವಲ್ಲ, ಪಾಠ. ನೋಡುವ ಮಗು ಪ್ರೇಕ್ಷಕನಲ್ಲ, ವಿದ್ಯಾರ್ಥಿ. ಸಾಲು, ಮೌನ, ಮುಟ್ಟಬಾರದೆಂಬ ನಿಯಮಗಳು ಪಾಠದೊಡನೆ ಸಹಜವಾಗಿಯೇ ಸೇರಿಕೊಂಡವು. ಶಾಲಾ ವ್ಯವಸ್ಥೆಯೊಡನೆ ಈ ಕಲ್ಪನೆಯೂ ನಮ್ಮಲ್ಲಿಗೆ ಬಂದಿತು.

ಚಿತ್ರ ಮತ್ತು ದನಿ

ಆದರೆ ಚಿತ್ರದ ಮುಂದೆ ಮಕ್ಕಳು ನೆರೆಯುವುದು ಈ ನೆಲಕ್ಕೆ ಹೊಸದಲ್ಲ. ಏಳನೆಯ ಶತಮಾನದ ಬಾಣಭಟ್ಟನ ‘ಹರ್ಷಚರಿತ’ದಲ್ಲಿ ಗಮನಾರ್ಹವಾದ ಒಂದು ಸಂದರ್ಭವಿದೆ. ತಂದೆಯ ಅನಾರೋಗ್ಯದ ಸುದ್ದಿ ಕೇಳಿ ರಾಜಧಾನಿಗೆ ಹಿಂದಿರುಗುವ ಹರ್ಷನು ಅಂಗಡಿಬೀದಿಯಲ್ಲಿ ಒಬ್ಬ ಯಮಪಟ್ಟಿಕನನ್ನು ಕಾಣುತ್ತಾನೆ. ಕೋಣವೇರಿದ ಯಮನನ್ನು ಬರೆದ ಚಿತ್ರಪಟವನ್ನು ಹಿಡಿದು, ಕಡ್ಡಿಯಿಂದ ತೋರಿಸುತ್ತ, ಪರಲೋಕದ ವೃತ್ತಾಂತವನ್ನು ಅವನು ಹೇಳುತ್ತಿದ್ದಾನೆ. ಅವನ ಸುತ್ತ ಕುತೂಹಲದಿಂದ ಮುತ್ತಿಕೊಂಡಿರುವವರು ಮಕ್ಕಳು. ಚಿತ್ರ, ಅದನ್ನು ತೋರುವ ಕೈ, ಕಥೆ ಹೇಳುವ ದನಿ, ಎದುರಿಗೆ ಮಕ್ಕಳ ಗುಂಪು: ಈ ನಾಲ್ಕೂ ಅಂಗಗಳು ಅಲ್ಲಿ ಒಟ್ಟಿಗೆ ಇವೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರರಚನೆಯ ವಿವರಗಳಿರುವುದು ವಿದ್ವಾಂಸರಿಗೆ ತಿಳಿದದ್ದೇ. ಅದೇ ಗ್ರಂಥದಲ್ಲಿ ಚಿತ್ರಗಳ ನೆರವಿನಿಂದ ಕಥೆ ಹೇಳುವ ಚಿತ್ರಕಥಕನ ಉಲ್ಲೇಖವೂ ಇದೆ ಎಂಬುದು ಇಲ್ಲಿ ಮುಖ್ಯ. ಕೊಂಕಣದ ಪಿಂಗುಳಿಯ ಠಾಕರ ಸಮುದಾಯದಲ್ಲಿ ಉಳಿದುಬಂದ ಚಿತ್ರಕಥಿ ಈ ಪರಂಪರೆಯದೇ ಒಂದು ಕವಲು. ಕಾಗದದ ಮೇಲೆ ಬರೆದ ಚಿತ್ರಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತ, ವಾದ್ಯದೊಡನೆ ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನು ಅಲ್ಲಿ ನಿರೂಪಿಸುತ್ತಾರೆ.

ಕರ್ನಾಟಕದಲ್ಲಿ ಈ ಪರಂಪರೆಯ ಅತ್ಯಂತ ಸಮೃದ್ಧ ರೂಪವೆಂದರೆ ಕಿಳ್ಳೇಕ್ಯಾತರ ತೊಗಲುಗೊಂಬೆಯಾಟ. ಹದಮಾಡಿದ ತೊಗಲಿನ ಮೇಲೆ ಚಿತ್ರ ಬಿಡಿಸಿ, ಉಳಿಯಿಂದ ರಂಧ್ರಗಳನ್ನು ಕೊರೆದು, ಬಣ್ಣ ತುಂಬಿ ಸಿದ್ಧಪಡಿಸಿದ ಬೊಂಬೆಯನ್ನು ಬಿಳಿಯ ಪರದೆಗೆ ಒತ್ತಿ ಹಿಡಿಯುತ್ತಾರೆ. ಹಿಂದಿನಿಂದ ದೀಪ ಬೆಳಗುತ್ತದೆ. ಒಂದೇ ತೊಗಲಿನಲ್ಲಿ ಇಡೀ ಸನ್ನಿವೇಶವನ್ನು ಬಿಡಿಸುವುದು ನಮ್ಮ ಬೊಂಬೆಗಳ ವೈಶಿಷ್ಟ್ಯ. ಪಾತ್ರದ ಅಂತಸ್ತಿಗೆ ತಕ್ಕಂತೆ ಬೊಂಬೆಯ ಅಳತೆ ಬದಲಾಗುತ್ತದೆ: ದೇವರು, ಅರಸರು ದೊಡ್ಡವರು, ಸಾಮಾನ್ಯರು ಚಿಕ್ಕವರು. ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯಜೋಡಿ ಬಂದರೆ ಮಕ್ಕಳ ನಗೆ ಊರಿಗೆಲ್ಲ ಕೇಳಿಸುತ್ತದೆ.

ದೇವಾಲಯದ ಚಿತ್ರಗಳನ್ನೂ ಇದೇ ಸಾಲಿನಲ್ಲಿ ನೋಡಬೇಕು. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಒಳಮಾಳಿಗೆಯಲ್ಲಿ ಮತ್ಸ್ಯಯಂತ್ರವನ್ನು ಭೇದಿಸುವ ಅರ್ಜುನನಿದ್ದಾನೆ, ಪಲ್ಲಕ್ಕಿಯ ಮೆರವಣಿಗೆಯಿದೆ. ತುಮಕೂರು ಜಿಲ್ಲೆಯ ಸೀಬಿಯ ನರಸಿಂಹಸ್ವಾಮಿ ದೇವಾಲಯದ ಒಳಮಾಳಿಗೆಯಲ್ಲಿ ಪುರಾಣದ ಪ್ರಸಂಗಗಳ ಜೊತೆಗೆ ಆ ಕಾಲದ ಆಸ್ಥಾನದ ದೃಶ್ಯಗಳೂ ಇವೆ. ಈ ಚಿತ್ರಗಳ ಕೆಳಗೆ ಶೀರ್ಷಿಕೆಯ ಹಲಗೆಗಳಿಲ್ಲ. ಕತ್ತೆತ್ತಿ ನೋಡುವ ಮಗುವಿಗೆ ಅಜ್ಜಿಯ ಬೆರಳೇ ಶೀರ್ಷಿಕೆ, ಅವಳ ಮಾತೇ ವಿವರಣೆ.

ಜಗನ್ಮೋಹನದಲ್ಲಿ ಮಕ್ಕಳು

ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆ, 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಬಳಿಕ ಕೆಲಕಾಲ ರಾಜಕುಟುಂಬದ ವಾಸಸ್ಥಾನವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು 1902ರಲ್ಲಿ ಅಧಿಕಾರ ವಹಿಸಿಕೊಂಡದ್ದು ಇಲ್ಲಿಯೇ. 1915ರಲ್ಲಿ ಇದು ಕಲಾ ಗ್ಯಾಲರಿಯಾಯಿತು. ಮುಂದೆ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಪಡೆಯಿತು. ದರ್ಬಾರಿನ ಸ್ಥಳವು ಸಾರ್ವಜನಿಕರ ನೋಟಕ್ಕೆ ತೆರೆದುಕೊಂಡ ಈ ಪಲ್ಲಟ ನಮ್ಮ ಸಾಂಸ್ಕೃತಿಕ ಚರಿತ್ರೆಯಲ್ಲಿ ಮಹತ್ವದ್ದು.

ಹಲವು ವರ್ಷಗಳ ಅವಧಿಯಲ್ಲಿ ಬೇರೆ ಬೇರೆ ಶಾಲೆಗಳ ನಾಲ್ಕನೆಯ, ಐದನೆಯ ತರಗತಿಯ ಮಕ್ಕಳೊಡನೆ ನಾನು ಈ ಗ್ಯಾಲರಿಯಲ್ಲಿ ಸುತ್ತಾಡಿದ್ದೇನೆ. ಮಕ್ಕಳು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ನಿಲ್ಲದೆ ಸಾಗುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳುವುದಷ್ಟೇ ನನ್ನ ಕೆಲಸವಾಗಿತ್ತು. ಅವರು ಮೊದಲು ನಿಲ್ಲುವುದು ಪುಟ್ಟ ಸೈನಿಕ ಬೊಂಬೆಗಳು ಗಂಟೆಗೊಮ್ಮೆ ಕವಾಯತು ನಡೆಸುವಂತೆ ರಚಿಸಿದ ಫ್ರಾನ್ಸಿನ ಗಡಿಯಾರದ ಮುಂದೆ. ಅನಂತರ ಭೂತಗನ್ನಡಿಯಲ್ಲಿ ನೋಡಬೇಕಾದ, ಅಕ್ಕಿಯ ಕಾಳಿನ ಮೇಲೆ ಬಿಡಿಸಿದ ಚಿತ್ರದ ಮುಂದೆ. ಗೋಡೆಯ ಮೇಲಿನ ದಸರಾ ಮೆರವಣಿಗೆಯ ಚಿತ್ರದಲ್ಲಿ ಆನೆಗಳನ್ನು ಎಣಿಸುತ್ತಾರೆ. ರವಿವರ್ಮನ ಪೌರಾಣಿಕ ಚಿತ್ರಗಳ ಮುಂದೆ ಪರಿಚಿತರನ್ನು ಕಂಡಂತೆ ಹೆಸರು ಹಿಡಿದು ಕೂಗುತ್ತಾರೆ. ಇದರಲ್ಲಿ ಆಶ್ಚರ್ಯವಿಲ್ಲ. ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಹೊರಬಂದ ಅಚ್ಚುಚಿತ್ರಗಳೂ ಅವುಗಳನ್ನು ಅನುಸರಿಸಿದ ಕ್ಯಾಲೆಂಡರುಗಳೂ ತಲೆಮಾರುಗಳಿಂದ ಈ ಮಕ್ಕಳ ಮನೆಯ ಗೋಡೆಯ ಮೇಲಿವೆ. ಅವರು ಗ್ಯಾಲರಿಯಲ್ಲಿ ಕಾಣುವುದು ಹೊಸದನ್ನಲ್ಲ, ಮನೆಯಲ್ಲಿ ಕಂಡದ್ದರ ಮೂಲವನ್ನು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಅವರು ನಿಲ್ಲುವುದು ದೀಪ ಹಿಡಿದ ಮಹಿಳೆಯ ಚಿತ್ರದ ಮುಂದೆ. ಒಂದು ಕೈಯಲ್ಲಿ ದೀಪ, ಅದಕ್ಕೆ ಮರೆಯಾಗಿ ಇನ್ನೊಂದು ಕೈ, ಬೆರಳುಗಳ ನಡುವೆ ಕೆಂಪಾಗಿ ಹಾಯುವ ಬೆಳಕು. ಸಾವಂತವಾಡಿಯಲ್ಲಿ 1882ರಲ್ಲಿ ಜನಿಸಿದ ಎಸ್.ಎಲ್. ಹಲ್ದಂಕರ್ ರಚಿಸಿದ ಜಲವರ್ಣ ಚಿತ್ರವಿದು. ಅವರ ಮಗಳೇ ಇದಕ್ಕೆ ರೂಪದರ್ಶಿ. ಆದರೆ ಮಕ್ಕಳು ಹೊರಬಂದು ಹೇಳುವುದೇ ಬೇರೆ. ಚಿತ್ರದ ದೀಪ ನಿಜವಾಗಿಯೂ ಉರಿಯುತ್ತದೆ, ಕೋಣೆ ಕತ್ತಲಾದಂತೆ ಅದರ ಬೆಳಕು ಹೆಚ್ಚುತ್ತದೆ, ಬರೆದವನು ರವಿವರ್ಮ. ಈ ಕೊನೆಯ ಮಾತನ್ನು ಮಕ್ಕಳಷ್ಟೇ ಅಲ್ಲ, ಹಿರಿಯರೂ ದಶಕಗಳಿಂದ ಹೇಳುತ್ತ ಬಂದಿದ್ದಾರೆ.

ಕಲಾ ಇತಿಹಾಸಕಾರನಿಗೆ ಇದು ತಪ್ಪು ಮಾಹಿತಿ. ಜಾನಪದ ವಿದ್ವಾಂಸನಿಗೆ ಇದು ಐತಿಹ್ಯ. ನಾಡಿನ ಚೆಲುವಾದ ಗುಡಿಗಳನ್ನೆಲ್ಲ ಜಕಣಾಚಾರಿಯ ಹೆಸರಿಗೆ ಒಪ್ಪಿಸಿದ ಜನಮನವೇ ಮನಸೆಳೆವ ಚಿತ್ರವನ್ನು ರವಿವರ್ಮನ ಹೆಸರಿಗೆ ಒಪ್ಪಿಸಿದೆ. ಎರಡರ ಹಿಂದಿನ ತರ್ಕ ಒಂದೇ. ಶೀರ್ಷಿಕೆಯ ಹಲಗೆ ಹೇಳದೆ ಬಿಟ್ಟ ಕಥೆಯನ್ನು ನೋಡುಗರು ತಾವೇ ಕಟ್ಟಿಕೊಂಡಿದ್ದಾರೆ. ಸಂಸ್ಥೆಯು ಚಿತ್ರದಿಂದ ದನಿಯನ್ನು ಬೇರ್ಪಡಿಸಿದ ಕಡೆಯಲ್ಲೆಲ್ಲ ಜನರು ಅದನ್ನು ಮರಳಿ ಕೂಡಿಸುತ್ತಾರೆ. ಚಿತ್ರಕಥಿಯ ಪಿಂಗುಳಿಯೂ ಹಲ್ದಂಕರ್ ಹುಟ್ಟಿದ ಸಾವಂತವಾಡಿಯೂ ಒಂದೇ ಸೀಮೆಯವು. ಇದರಿಂದ ಯಾವ ನಿರ್ಣಯವನ್ನೂ ಮಾಡಬೇಕಿಲ್ಲ. ಆದರೆ ಕಥೆಯೊಡನೆ ಚಿತ್ರ ತೋರುವ ಸೀಮೆಯಿಂದ ಬಂದ ಚಿತ್ರಕಾರನ ಕೃತಿಗೆ ಮೈಸೂರಿನಲ್ಲಿ ಮಕ್ಕಳು ಕಥೆ ಕಟ್ಟುತ್ತಿದ್ದಾರೆ ಎಂಬುದು ನೆನಪಿನಲ್ಲಿಡುವಂಥದ್ದು.

ಗಾಜಿನ ಹಿಂದಿನ ಬೊಂಬೆ

ಈ ವಿಚಾರದ ಇನ್ನೊಂದು ಮುಖವನ್ನು ತೋರಿಸಿಕೊಟ್ಟದ್ದು ಬೇರೊಂದು ವಸ್ತುಸಂಗ್ರಹಾಲಯದ ಭೇಟಿ. ಉತ್ತರ ಕರ್ನಾಟಕದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಐದನೆಯ ತರಗತಿಯ ಮಕ್ಕಳೊಡನೆ ನಾನು ಅಲ್ಲಿಗೆ ಹೋಗಿದ್ದೆ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಎರಡು ತೊಗಲುಗೊಂಬೆಗಳನ್ನು ಗೋಡೆಗೆ ಒತ್ತಿ ಇರಿಸಲಾಗಿತ್ತು. ಶೀರ್ಷಿಕೆಯಲ್ಲಿ ‘ರೈತ ದಂಪತಿ, ತೊಗಲು’ ಎಂದಿತ್ತು. ಸಾಲು ಮುಂದಕ್ಕೆ ಸಾಗುತ್ತಿದ್ದಾಗ ಒಬ್ಬ ಹುಡುಗ ಅಲ್ಲಿಯೇ ನಿಂತ.

“ಮಿಸ್, ಇಂವ ರೈತ ಅಲ್ರಿ. ಇಂವ ಕಿಳ್ಳೇಕ್ಯಾತ. ಈಕಿ ಬಂಗಾರಕ್ಕ” ಎಂದ.

“ನಿನಗ ಹೆಂಗ ಗೊತ್ತೋ?” ಎಂದು ಶಿಕ್ಷಕಿ ಕೇಳಿದರು.

“ನಮ್ಮ ಮುತ್ಯಾ ಆಡಸ್ತಾನ್ರಿ. ಇವನ್ನ ಹಿಂಗ ಗ್ವಾಡಿಗಿ ಹಚ್ಚಬಾರದ್ರಿ, ಹಿಂದ ದೀಪ ಇರಬೇಕು.”

ಹಿಂದಿದ್ದ ಮಕ್ಕಳು ನಕ್ಕರು. ಕಾವಲುಗಾರರು ಮುಂದೆ ನಡೆಯುವಂತೆ ಸೂಚಿಸಿದರು. ಹುಡುಗ ತಲೆ ತಗ್ಗಿಸಿ ಸಾಲಿಗೆ ಸೇರಿದ. ಆ ದಿನ ಮತ್ತೆ ಏನನ್ನೂ ಹೇಳಲಿಲ್ಲ.

ಇಡೀ ಕಟ್ಟಡದಲ್ಲಿ ಆ ಬೊಂಬೆಗಳ ಬಗ್ಗೆ ಅತಿ ಹೆಚ್ಚು ತಿಳಿದಿದ್ದವನು ಆ ಹುಡುಗ. ಶೀರ್ಷಿಕೆಯ ತಪ್ಪನ್ನು ಅವನು ಗುರುತಿಸಿದ್ದ. ಪ್ರದರ್ಶನದ ತಪ್ಪನ್ನೂ ಗುರುತಿಸಿದ್ದ. ತೊಗಲನ್ನು ಅಷ್ಟು ತೆಳುವಾಗಿ ಹದಮಾಡುವುದೂ ರಂಧ್ರಗಳನ್ನು ಕೊರೆಯುವುದೂ ಬೆಳಕು ಹಾಯಲೆಂದೇ. ಗೋಡೆಗೆ ಒತ್ತಿದ ಬೊಂಬೆಯಲ್ಲಿ ಬಣ್ಣ ಮಂಕಾಗುತ್ತದೆ, ರಂಧ್ರಗಳು ಅರ್ಥಹೀನವಾಗುತ್ತವೆ. ಅವನ ಮಾತನ್ನು ಬರೆದುಕೊಳ್ಳಲು ಅಲ್ಲಿ ಒಂದು ಪುಸ್ತಕವಿರಲಿಲ್ಲ, ಕೇಳಲು ಒಬ್ಬ ಅಧಿಕಾರಿಯಿರಲಿಲ್ಲ. ನಾನಾದರೂ ಅಂದು ಅವನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ ಮಾತಾಡಿಸಬೇಕಾಗಿತ್ತು. ಟಿಪ್ಪಣಿ ಬರೆದುಕೊಳ್ಳುವುದರಲ್ಲಿ ಮುಳುಗಿ ಆ ಅವಕಾಶವನ್ನು ಬಿಟ್ಟೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಮುಂದೆ ಅವನ ಮುತ್ಯಾನನ್ನು ಕಂಡಾಗ ತಿಳಿದ ಸಂಗತಿಯೂ ಇದಕ್ಕೆ ಪೂರಕವಾಗಿದೆ. ಆಟ ಕರೆಸುವವರು ಕಡಮೆಯಾದ ಕಾಲದಲ್ಲಿ ಅವರು ಪೆಟ್ಟಿಗೆಯ ಕೆಲವು ಬೊಂಬೆಗಳನ್ನು ಮಾರಿದ್ದರು. ಅವು ಎಲ್ಲಿಗೆ ಹೋದವೆಂದು ತಿಳಿದಿರಲಿಲ್ಲ. ಇದು ಒಂದು ಕುಟುಂಬದ ಕಥೆಯಷ್ಟೇ ಅಲ್ಲ. ದೇಶವಿದೇಶಗಳ ಸಂಗ್ರಹಗಳಲ್ಲಿರುವ ಎಷ್ಟೋ ತೊಗಲುಗೊಂಬೆಗಳು ಬಡತನದ ದಿನಗಳಲ್ಲಿ ಇಂಥ ಮನೆಗಳಿಂದ ಹೊರಟವು. ಬೊಂಬೆ ಸಂಗ್ರಹಾಲಯ ಸೇರಿತು, ಅದರ ಹೆಸರು ಮನೆಯಲ್ಲೇ ಉಳಿಯಿತು. ಶಾಲೆಯ ಪ್ರವಾಸದಲ್ಲಿ ಮೊಮ್ಮಗ ಆ ಹೆಸರನ್ನು ಹೊತ್ತು ಪೆಟ್ಟಿಗೆಯ ಮುಂದೆ ಬಂದು ನಿಂತಾಗ, ಅಗಲಿದ ಇವೆರಡೂ ಒಂದು ಕ್ಷಣ ಕೂಡಿದ್ದವು. ಅದನ್ನು ನಾವು ಸಾಲು ಕೆಟ್ಟಿತೆಂದು ಭಾವಿಸಿದೆವು.

ಜಾನಪದ ಸಂಗ್ರಹಾಲಯಗಳ ಪಾಠ

ಈ ಕೊರತೆಯನ್ನು ಮನಗಂಡ ಪ್ರಯತ್ನಗಳು ಕರ್ನಾಟಕದಲ್ಲಿ ನಡೆದಿವೆ. ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಆರಂಭಿಸಿದ ಜಾನಪದ ವಸ್ತುಸಂಗ್ರಹಾಲಯವು, ಕಲೆಯೆಂದರೆ ಅರಮನೆಯ ಕಲೆ ಮಾತ್ರ ಎಂಬ ಭಾವನೆಯನ್ನು ಬದಲಿಸಿತು. ಜಯಲಕ್ಷ್ಮೀವಿಲಾಸ ಅರಮನೆಯೊಳಗೆ ಬೀಸುವ ಕಲ್ಲು, ಸೋಮನ ಮುಖವಾಡ, ಬೊಂಬೆಗಳು ಪ್ರವೇಶ ಪಡೆದವು. ಚಿತ್ರಕಲಾವಿದರೂ ಜಾನಪದ ಸಂಗ್ರಾಹಕರೂ ಆಗಿದ್ದ ಪಿ.ಆರ್. ತಿಪ್ಪೇಸ್ವಾಮಿ ಅವರ ದುಡಿಮೆ ಇದರ ಹಿಂದಿದೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ರೂಪಿಸಿದ ಜಾನಪದ ಲೋಕದಲ್ಲಿ ವಸ್ತುಗಳ ಜೊತೆಗೆ ಕಲಾವಿದರಿಗೂ ಸ್ಥಾನ ದೊರೆಯಿತು. ವಸ್ತುವನ್ನು ಮಾಡಿದ, ಆಡಿಸಿದ, ಹಾಡಿದ ವ್ಯಕ್ತಿಯೂ ಅಲ್ಲಿರಬೇಕು ಎಂಬ ತಿಳಿವಳಿಕೆ ಇದರ ಹಿಂದಿತ್ತು.

ಶಿಕ್ಷಣ ಕ್ಷೇತ್ರದಲ್ಲಿಯೂ ದೃಷ್ಟಿ ಬದಲಾಗಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾ ಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿತು. ಪರಂಪರಾಗತ ಕರಕುಶಲ ಕಲೆಗಳಿಗೆ ಪ್ರತ್ಯೇಕ ಗಮನ ನೀಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಬಡಗಿ, ಕುಂಬಾರ, ಕಲಾವಿದರೊಡನೆ ಕಲಿಯಬೇಕೆಂದು ಸೂಚಿಸಿತು. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು. ಗೌರವ ದೊರೆತಿದೆ, ನೀತಿಯ ಮಾತುಗಳೂ ಇವೆ. ಪ್ರವಾಸದ ಆ ಅರ್ಧ ಗಂಟೆಯ ಸ್ವರೂಪ ಮಾತ್ರ ಬದಲಾಗಬೇಕಾಗಿದೆ.

ಇದಕ್ಕೆ ದೊಡ್ಡ ವೆಚ್ಚದ ಯೋಜನೆಗಳು ಬೇಕಿಲ್ಲ. ಒಂದು ತರಗತಿ ಒಂದು ಭೇಟಿಯಲ್ಲಿ ನೂರು ಚಿತ್ರಗಳ ಮುಂದೆ ಹಾದುಹೋಗುವ ಬದಲು ಮೂರು ಚಿತ್ರಗಳ ಮುಂದೆ ಕುಳಿತುಕೊಳ್ಳಬಹುದು. ಮೊದಲು ಮಕ್ಕಳು ಹೇಳಲಿ, ಅನಂತರ ಶಿಕ್ಷಕರು ಹೇಳಲಿ. ಪ್ರತಿ ಸಂಗ್ರಹಾಲಯದಲ್ಲಿಯೂ ಮಕ್ಕಳ ಮಾತನ್ನು ದಾಖಲಿಸುವ ಒಂದು ಪುಸ್ತಕವಿರಲಿ. ಐತಿಹ್ಯಗಳ ಸಂಗ್ರಹವಾಗಿ ಮುಂದಿನ ಸಂಶೋಧಕರಿಗೆ ಅದು ಅಮೂಲ್ಯ ಆಕರವಾಗುತ್ತದೆ. ಜಾನಪದ ವಸ್ತುಗಳ ಶೀರ್ಷಿಕೆಗಳನ್ನು ಆಯಾ ಸಮುದಾಯದ ಹಿರಿಯರ ಮುಂದೆ ಓದಿ ತಿದ್ದಿಸಬೇಕು. ಶಾಲೆಗಳು ಬರುವ ತಿಂಗಳುಗಳಲ್ಲಿ ಕಲಾವಿದರನ್ನು ಗೌರವಧನ ನೀಡಿ ಕರೆಸಿ, ಒಂದಾದರೂ ಬೊಂಬೆಯನ್ನು ಪರದೆಯ ಹಿಂದೆ ದೀಪವಿಟ್ಟು ತೋರಿಸಬೇಕು. ಅಕಾಡೆಮಿಯಂಥ ಸಂಸ್ಥೆಗಳು ಈ ಕೊನೆಯ ಎರಡು ಕಾರ್ಯಗಳಲ್ಲಿ ಸಂಗ್ರಹಾಲಯಗಳಿಗೂ ಕಲಾವಿದರಿಗೂ ನಡುವಣ ಸೇತುವೆಯಾಗಬಲ್ಲವು.

ಮಕ್ಕಳು ಮೌನವಾಗಿದ್ದರೆ ಭೇಟಿ ಯಶಸ್ವಿಯಾಯಿತೆಂದು ಭಾವಿಸುವುದು 1895ರ ಹಾಜರಾತಿ ಪುಸ್ತಕದಿಂದ ಬಂದ ಅಭ್ಯಾಸ. ಅದಕ್ಕೂ ಸಾವಿರದ ಇನ್ನೂರು ವರ್ಷಗಳಿಗಿಂತ ಹಿಂದೆ ಅಂಗಡಿಬೀದಿಯಲ್ಲಿ ಯಮಪಟ್ಟಿಕನ ಸುತ್ತ ಮುತ್ತಿಕೊಂಡಿದ್ದ ಮಕ್ಕಳು ಸಾಲಿನಲ್ಲಿ ನಿಂತಿರಲಾರರು. ಆ ಶಿಕ್ಷಕಿ ಊರಿಗೆ ಮರಳಿದ ಮರುವಾರ ಹುಡುಗನ ಮುತ್ಯಾನನ್ನು ಶಾಲೆಗೆ ಕರೆಸಿದರು. ತರಗತಿಯ ಕಿಟಕಿಗಳಿಗೆ ಕಂಬಳಿ ಹೊದಿಸಿ, ಬಾಗಿಲಿಗೆ ಬಿಳಿಯ ಪಂಚೆ ಕಟ್ಟಿ, ಉಳಿದಿದ್ದ ನಾಲ್ಕು ಬೊಂಬೆಗಳಲ್ಲಿ ಅವರು ಅರ್ಧ ಗಂಟೆ ಆಡಿಸಿದರು. ದೀಪವನ್ನು ಹಿಡಿದವನು ಮೊಮ್ಮಗ.